ವಳ್ಳೂರಿನ ಮಿಕ್ಸಿಂಗ್ ಆಗದ ಕ್ಯಾಸೆಟ್ಟು

ಏಪ್ರಿಲ್ ೨, ಬುಧವಾರ

ಈ ನೋಟ್‌ಬುಕ್ ನನ್ನದಲ್ಲ. ಚಿಕ್ಕಕ್ಕನಿಗೆ ಅಂತ ತಂದದ್ದು. ಜನವರಿಯಲ್ಲಿ ಗಂಟಲಿನ ಆಪರೇಷನ್ ಆದ ಮೇಲೆ ಆಸ್ಪತ್ರೆಯ ಹುಡುಗಿಯೊಬ್ಬಳು, "ಅಜ್ಜಿಗೆ ಇನ್ನು ದನಿ ಬರಲ್ಲ ಸರ್, ಹೇಳಬೇಕಾದ್ದನ್ನ ಬರೆದು ತೋರಿಸಲಿ" ಅಂದಳು. ನಾನೂ ಕೋಲೆಬಸವನ ಹಾಗೆ ತಲೆಯಾಡಿಸಿ ಇನ್ನೂರು ಪುಟದ್ದು ತಂದುಬಿಟ್ಟೆ. ಕೈಗೆ ಕೊಟ್ಟ ಮೇಲೆ ನೆನಪಾಯಿತು, ಚಿಕ್ಕಕ್ಕ ಸ್ಕೂಲಿನ ಮೆಟ್ಟಿಲು ಹತ್ತಿದವಳೇ ಅಲ್ಲ. ನಮ್ಮವ್ವ ತೀರಿಕೊಂಡಾಗ ನನಗೆ ಒಂದು ವರ್ಷ, ಅವಳಿಗೆ ಒಂಬತ್ತು. ಅವಳ ಸೊಂಟದ ಮೇಲೆ ನಾನಿದ್ದೆ, ಇನ್ನು ಸ್ಕೂಲೆಲ್ಲಿ ಬಂತು. ನೋಟ್‌ಬುಕ್ಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಮುಖಕ್ಕೇ ಎಸೆದಳು. ಎಸೆದದ್ದು ಸರಿಯಾಗೇ ಇತ್ತು, ಜೊತೆಗೆ ಬರಬೇಕಾದ ಬೈಗುಳ ಮಾತ್ರ ಬರಲಿಲ್ಲ.

ಮೂರು ತಿಂಗಳು ಅಲಮಾರಿನ ಮೇಲೆ ಬಿದ್ದಿತ್ತು. ಯಾಕೆ ಸುಮ್ಮನೆ ದಂಡ ಅಂತ ಇವತ್ತಿನಿಂದ ನಾನೇ ಬರೆಯುತ್ತೇನೆ.

ಚಿಕ್ಕಕ್ಕ ಈಗ ನಮ್ಮ ಮನೆಯಲ್ಲೇ ಇದ್ದಾಳೆ, ಮಧುಗಿರಿಯಲ್ಲಿ. ಉಸಿರಾಡೋಕೆ ಅಂತ ಕತ್ತಿನಲ್ಲಿ ತೂತು ಮಾಡಿದ್ದಾರೆ. ಅದರಲ್ಲಿ ಗಾಳಿ ಸುಯ್ ಅನ್ನುತ್ತದೆ. ಆ ಶಬ್ದ ನನ್ನ ಕೈಲಿ ಕೇಳೋಕೆ ಆಗಲ್ಲ. ಅದಕ್ಕೇ ಡ್ಯೂಟಿ ಮುಗಿಸಿ ಬಂದವನು ತಾರಸಿ ಮೇಲೆ ಹೋಗಿ ಕ್ಯಾಮೆರಾ ಒರೆಸುತ್ತ ಕೂರುತ್ತೇನೆ. ಇವತ್ತೂ ಪಾವಗಡ ಟ್ರಿಪ್ ಮುಗಿಸಿ ಒಳಗೆ ಕಾಲಿಟ್ಟ ತಕ್ಷಣ ಅವಳು ಐದು ಬೆರಳು ಕೂಡಿಸಿ ಬಾಯಿ ಹತ್ತಿರ ತಂದು ಹುಬ್ಬು ಹಾರಿಸಿದಳು. ಹಸಿವಾಗಿರಬೇಕು ಅಂತ ಮಂಜುಳಾಗೆ ಹೇಳಿ ಅಂಬಲಿ ತರಿಸಿದೆ. "ಈಗಿನ್ನೂ ಕುಡುದ್ರು ಕಣ್ರೀ" ಅಂದಳು ನನ್ನ ಹೆಂಡತಿ. ಚಿಕ್ಕಕ್ಕ ಲೋಟ ತಳ್ಳಿ ಗೋಡೆ ಕಡೆ ತಿರುಗಿ ಮಲಗಿದಳು. ದಿನಾ ಇದೇ ರಾಮಾಯಣ. ಏನು ಬೇಕು ಅಂತ ಯಾರಿಗೆ ತಿಳಿಯಬೇಕು?

ಏಪ್ರಿಲ್ ೬, ಭಾನುವಾರ

ಶಿರಾದಿಂದ ರಕ್ಷಾ ಬಂದಿದ್ದಳು, ಚಿಕ್ಕಕ್ಕನ ಮಗಳ ಮಗಳು. ಮೇ ಹದಿನೆಂಟಕ್ಕೆ ಅವಳ ಮದುವೆ. ನನಗಿನ್ನೂ ಐವತ್ತನಾಲ್ಕು, ಆದರೂ ಬಾಯ್ತುಂಬ ತಾತ ಅಂತಾಳೆ.

"ತಾತ, ನನ್ನ ಹಸೆಗೆ ಕರಿಯೋ ಪದ ಅಜ್ಜೀನೇ ಹೇಳ್ಬೇಕಿತ್ತು. ನಾನ್ ಚಿಕ್ಕೋಳಿದ್ದಾಗ್ಲೇ ಮಾತು ಕೊಟ್ಟಿತ್ತು. ನೀವು ಅಷ್ಟೊಂದು ಮದುವೆ ವಿಡಿಯೋ ತೆಗ್ದಿದೀರಲ್ಲ, ಯಾವುದ್ರಲ್ಲಾದ್ರೂ ಅಜ್ಜಿ ಹಾಡಿರೋದು ಇರಲ್ವಾ? ಅದನ್ನೇ ಅವತ್ತು ಹಾಕ್ಸೋಣ."

"ಯಾವುದ್ರಲ್ಲಾದ್ರೂ ಅಂದ್ರೇನಮ್ಮ, ಎಲ್ಲಾದ್ರಲ್ಲೂ ಇರ್ತದೆ ಕಣಮ್ಮ!" ಅಂದೆ. ಎದೆ ಉಬ್ಬಿಸಿಕೊಂಡೇ ಅಂದೆ. ಮಂಚದ ಮೇಲಿದ್ದ ಚಿಕ್ಕಕ್ಕ ನನ್ನನ್ನು ಒಂದು ಥರ ನೋಡಿದಳು.

ರಕ್ಷಾ ಹೋದ ಮೇಲೆ ಟ್ರಂಕು ಇಳಿಸಿದೆ. ಒಟ್ಟು ಮೂವತ್ತೇಳು ಮದುವೆ. ನಾನು ಕಂಡಕ್ಟರ್ ಆದರೂ ಡಿಪೋದಲ್ಲಿ ನನಗೆ 'ವಿಡಿಯೋ ಗೌರೀಶ' ಅಂತಲೇ ಹೆಸರು. ನೆಂಟರಿಷ್ಟರ ಮದುವೆ ಅಂದರೆ ರಜೆ ಹಾಕಿ ಕ್ಯಾಮೆರಾ ಹೊತ್ತುಕೊಂಡು ಹೊರಡುತ್ತಿದ್ದೆ. ಹೊಟ್ಟೆಪಾಡಿಗಲ್ಲ, ಚಟಕ್ಕೆ. ಬೇಸಿಗೆ ಬಂತೆಂದರೆ ಅಕ್ಕ ತಮ್ಮ ಇಬ್ಬರಿಗೂ ಕರೆ ಬರುತ್ತಿತ್ತು, ಅವಳಿಗೆ ಸೋಬಾನೆ ಪದ ಹೇಳೋಕೆ, ನನಗೆ ವಿಡಿಯೋ ತೆಗೆಯೋಕೆ. ನನ್ನ ಹೆಗಲಲ್ಲಿ ಕ್ಯಾಮೆರಾ ಬ್ಯಾಗು, ಅವಳ ಸೊಂಟದಲ್ಲಿ ಎಲೆಅಡಿಕೆ ಚೀಲ. ವಾಪಸ್ ಬರುವಾಗ ಮಿಡಿಗೇಶಿ ಹತ್ತಿರ ಬಸ್ಸಿಂದ ಇಳಿದುಬಿಡುತ್ತಿದ್ದೆವು. ಹೊಂಗೆ ಮರದ ಕೆಳಗೆ ಕೂತು ತಾಳೆಯ ಎಳೆ ತಾಟಿನುಂಗು ಸುಲಿದು ತಿಂದು, ಮುಂದಿನ ಬಸ್ಸು ಬರೋವರೆಗೂ ಅವಳು ಆ ಮದುವೆಯ ಬೀಗರನ್ನೆಲ್ಲ ಅಣಕಿಸಿ ತೋರಿಸುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಾವು ಮಾಡಿದ ಪ್ರವಾಸ ಅಂದರೆ ಅದೇ. ಅಂಥ ಬೇಸಿಗೆ ಮತ್ತೆ ಬರಲಿಲ್ಲ.

ಮೂವತ್ತೇಳರಲ್ಲಿ ಮೂವತ್ತಾರಕ್ಕೂ ನಾನೇ ಮಿಕ್ಸಿಂಗ್ ಮಾಡಿದ್ದು, ಒಂದೊಂದು ಕಾಪಿ ಇಟ್ಟುಕೊಂಡಿದ್ದೇನೆ. ಆ ವಳ್ಳೂರಿನದ್ದೊಂದು ಬಿಟ್ಟು. ಅದರ ಸುದ್ದಿ ಇಲ್ಲಿ ಬೇಡ.

ಏಪ್ರಿಲ್ ೯, ಬುಧವಾರ

ಕ್ಯಾಸೆಟ್ಟು ಹಾಕೋಕೆ ವಿಸಿಆರ್ ಬೇಕಲ್ಲ. ಕೊರಟಗೆರೆಗೆ ಹೋಗಿದ್ದೆ, ಶಂಕರಲಿಂಗಪ್ಪನವರ ಮನೆಗೆ. ಒಂದು ಕಾಲದಲ್ಲಿ ಬಸ್ ಸ್ಟ್ಯಾಂಡ್ ಪಕ್ಕ ಅವರ ವಿಡಿಯೋ ಅಂಗಡಿ ಇತ್ತು. ನನಗೆ ಮಿಕ್ಸಿಂಗ್ ಕಲಿಸಿದ ಗುರು. ಎರಡು ವಿಸಿಆರು, ಒಂದು ಟೇಪ್ ರೆಕಾರ್ಡರು, ನಡುವೆ ಅಂಗೈಯಗಲದ ಮಿಕ್ಸರು. "ಮದುವೆ ಮನೆ ಗಲಾಟೆ ಯಾರಿಗ್ ಬೇಕ್ಲಾ? ಜನರ ಶಬ್ದ ಪೂರ್ತಿ ಇಳ್ಸು, ಸಿನಿಮಾ ಹಾಡು ಏರ್ಸು. ಅದೇ ಮಿಕ್ಸಿಂಗು" ಅನ್ನುತ್ತಿದ್ದರು. ಹೆಣ್ಣು ಹಸೆಗೆ ಬರುವಾಗ ಯಾವ ಹಾಡು, ತಾಳಿ ಕಟ್ಟುವಾಗ ಯಾವ ಹಾಡು, ಎಲ್ಲಕ್ಕೂ ನನ್ನ ಹತ್ತಿರ ಪಟ್ಟಿ ಇತ್ತು. ನನ್ನಷ್ಟು ನುಣುಪಾಗಿ ಹಾಡು ಜೋಡಿಸುವವನು ಮಧುಗಿರಿ ತಾಲ್ಲೂಕಲ್ಲೇ ಇರಲಿಲ್ಲ. ಸುಳ್ಳಲ್ಲ, ಜನವೇ ಹೇಳುತ್ತಿದ್ದರು.

ಗೋಣಿಚೀಲದಿಂದ ವಿಸಿಆರ್ ತೆಗೆದು ಕೊಟ್ಟರು. "ಈಗ್ಯಾಕ್ಲಾ ಇದು?" ಅಂದರು. ಅಕ್ಕನ ಹಾಡು ಹುಡುಕಬೇಕು ಅಂದೆ.

"ಮಿಕ್ಸಿಂಗ್ ಆಗಿರೋದ್ರಾಗಾ?" ಅಂತ ಕೇಳಿದರು. ಕಾಫಿ ಕುಡಿದು ಬಂದೆ.

ಏಪ್ರಿಲ್ ೧೧, ಶುಕ್ರವಾರ

ಹತ್ತು ಕ್ಯಾಸೆಟ್ಟು ನೋಡಿದೆ. ಒಂದರಲ್ಲೂ ಇಲ್ಲ.

ಏಪ್ರಿಲ್ ೧೨, ಶನಿವಾರ

ಮೂವತ್ತಾರೂ ಮುಗಿಯಿತು.

ಚಿಕ್ಕಕ್ಕ ಎಲ್ಲದರಲ್ಲೂ ಇದ್ದಾಳೆ. ಹೆಂಗಸರ ಗುಂಪಿನ ಮುಂದೆ ನಿಂತು, ಬಲಗೈ ಕಿವಿಯ ಹತ್ತಿರ ಇಟ್ಟುಕೊಂಡು ಬಾಯ್ತುಂಬ ಹಾಡುತ್ತಿದ್ದಾಳೆ. ಕತ್ತಿನ ನರ ಉಬ್ಬಿದ್ದೂ ಕಾಣುತ್ತದೆ. ಕೇಳೋದು ಮಾತ್ರ ಸಿನಿಮಾ ಹಾಡು. ಮೂವತ್ತಾರು ಮದುವೆಯಲ್ಲೂ ಅವಳ ತುಟಿ ಆಡುತ್ತದೆ, ಬೇರೆ ಯಾರದೋ ದನಿ ಬರುತ್ತದೆ. ಇಳಿಸಿದ್ದು ಬೇರೆ ಯಾರೂ ಅಲ್ಲ, ನಾನೇ. ಈ ಹೆಬ್ಬೆರಳಿಂದ. ಮೂಲ ಕ್ಯಾಸೆಟ್ಟಾದರೂ ಇದ್ದಿದ್ದರೆ! ಒಂದರ ಮೇಲೊಂದು ಮದುವೆ ತೆಗೆದು ಅವನ್ನೂ ಒರೆಸಿ ಹಾಕಿದ್ದೇನೆ.

ಡಾಕ್ಟರು ಜನವರಿಯಲ್ಲಿ ತೆಗೆದರು, ನಾನು ಇಪ್ಪತ್ತು ವರ್ಷದ ಮೊದಲೇ ತೆಗೆದಿದ್ದೆ. ಥೂ ನನ್ನ.

ಏಪ್ರಿಲ್ ೧೩, ಭಾನುವಾರ

ರಕ್ಷಾಗೆ ಫೋನಲ್ಲಿ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. "ಯಾರಾದ್ರೂ ಟೇಪ್ ರೆಕಾರ್ಡರಲ್ಲಿ ಹಿಡ್ಕೊಂಡಿರ್ತಾರೆ ತಾತ, ನಡೀರಿ ಗೌಡಗೆರೆಗೆ" ಅಂದಳು. ಚಿಕ್ಕಕ್ಕ ಮದುವೆಯಾಗಿ ಹೋಗಿದ್ದ ಊರು ಗೌಡಗೆರೆ ಪಕ್ಕದ್ದೇ. ಬಡವನಹಳ್ಳಿ ಮೇಲೆ ಬೈಕಲ್ಲಿ ಶಿರಾಕ್ಕೆ ಹೋಗಿ ಅವಳನ್ನು ಹತ್ತಿಸಿಕೊಂಡೆ. ಬಿಸಿಲೋ ಬಿಸಿಲು. ಆದರೂ ಹೊಂಗೆ ಚಿಗುರಿ ರಸ್ತೆಯುದ್ದಕ್ಕೂ ಎಳೆ ಹಸಿರು. ನಿಲ್ಲಿಸಿ ನಾಲ್ಕು ಫೋಟೋ ತೆಗೆದೆ.

ದಾಸಮ್ಮನ ಮನೆಗೆ ಹೋದೆವು. ಚಿಕ್ಕಕ್ಕನ ಹಿಂದೆ ನಿಂತು ಸೊಲ್ಲು ಹಿಡಿಯುತ್ತಿದ್ದವಳು. ಒಬ್ಬರು ಸಾಲು ಹೇಳಿಕೊಡಬೇಕು, ಉಳಿದವರು ಅದನ್ನೇ ಎತ್ತಿ ಹಾಡಬೇಕು, ಸೋಬಾನೆಯ ಪದ್ಧತಿಯೇ ಹಾಗೆ.

"ಟೇಪು ಗೀಪು ಎಲ್ಲೈತಪ್ಪಾ? ಹಾಡು ಬೇಕಾ, ನಾನೇ ಹೇಳ್ತೀನಿ ಬುಡು. ನಿಮ್ಮಕ್ಕನತ್ರಾನೇ ಕಲ್ತಿದ್ದು. ಕಳ್ಳೆಕಾಯಿ ಬಿಡಿಸ್ತಾ ಬಿಡಿಸ್ತಾ ಹೇಳ್ಕೊಡೋಳು."

ನನಗೆ ಬೇಕಾದ್ದು ಹಾಡಲ್ಲ, ದನಿ. ಅದನ್ನು ಆ ತಾಯಿಗೆ ಹೇಗೆ ಹೇಳೋದು? ದಾಕ್ಷಿಣ್ಯಕ್ಕೆ ಫೋನಲ್ಲಿ ರೆಕಾರ್ಡ್ ಮಾಡಿಕೊಂಡೆ. ಹಸೆಗೆ ಕರೆಯೋ ಪದ. ಹುರಿದ ಕಳ್ಳೆಕಾಯಿ ಕಟ್ಟಿ ಕೊಟ್ಟಳು. ಇಡೀ ಭಾನುವಾರ ದಂಡ.

ಏಪ್ರಿಲ್ ೧೫, ಮಂಗಳವಾರ

ದಾಸಮ್ಮ ಹಾಡಿದ್ದನ್ನು ಸುಮ್ಮನೆ ಚಿಕ್ಕಕ್ಕನಿಗೆ ಕೇಳಿಸಿದೆ. ಎರಡನೇ ಸಾಲಿಗೇ ಮಂಚವನ್ನು ಪಟಪಟ ಬಡಿದಳು. ಮತ್ತೆ ಹಾಕಿದೆ, ಅಲ್ಲೇ ಮತ್ತೆ ಬಡಿದಳು. ದಾಸಮ್ಮ ಹೇಳಿದ್ದು ಹೀಗೆ:

ಹೆಜ್ಜೆ ಮೆಲ್ಲಗೆ ಇಡೆ ಹಸೆಗೆ ಬರೋ ಮಗಳೆ
ಗೆಜ್ಜೆ ಕೇಳಲಿ ಗಂಡನ ಮನೆಗೆ

"ತಪ್ಪಾ?" ಅಂದೆ. ಹೌದು ಅಂತ ತಲೆಯಾಡಿಸಿದಳು. "ಗೆಜ್ಜೆ ತಪ್ಪಾ?" ಒಂದು ಬಡಿತ, ಅಂದರೆ ಅಲ್ಲ. "ಗಂಡನ ಮನೆ ತಪ್ಪಾ?" ಹೌದು ಅಂತ ತಲೆಯಾಡಿಸಿ ಕೈಯನ್ನು ತನ್ನ ಎದೆಗೆ ಇಟ್ಟುಕೊಂಡಳು. ಅತ್ತೆ ಮನೆ ಅಂದೆ, ಮಾವ ಅಂದೆ, ಊರು ಅಂದೆ. ನನ್ನ ತಲೆಗೇ ಒಂದು ಮೊಟಕಿದಳು. ಕೊನೆಗೆ ಹೊಳೆಯಿತು. ತವರು! ಗೆಜ್ಜೆ ಕೇಳಲಿ ತವರಿಗೆ. ಹುಡುಗಿ ಮೆಲ್ಲಗೆ ನಡೆದರೆ ಗೆಜ್ಜೆ ಶಬ್ದ ಇನ್ನೊಂದಷ್ಟು ಹೊತ್ತು ತವರಿನವರಿಗೆ ಕೇಳುತ್ತದಲ್ಲ, ಅದಕ್ಕೆ ಮೆಲ್ಲಗೆ. ಇಷ್ಟು ವರ್ಷ ಪಕ್ಕದಲ್ಲೇ ಕ್ಯಾಮೆರಾ ಹಿಡಿದು ನಿಂತಿದ್ದೆ, ಹಾಡಲ್ಲಿ ಇದೆಲ್ಲ ಇದೆ ಅಂತ ಇವತ್ತು ಗೊತ್ತಾಯಿತು.

ಎರಡು ಗಂಟೆ ಹೋಯಿತು. ತಾರಸಿಗೆ ಹೋಗೋದೇ ಮರೆತೆ.

ಏಪ್ರಿಲ್ ೧೯, ಶನಿವಾರ

ದಿನಕ್ಕೆರಡು ಸಾಲು ತಿದ್ದಿಸುತ್ತಿದ್ದಾಳೆ. ನಾನು ಟಿಕೆಟ್ ಹರಿಯುವಾಗಲೂ ಅದನ್ನೇ ಗೊಣಗುತ್ತಿದ್ದೇನಂತೆ. ಡ್ರೈವರ್ ರಂಗೇಶ್, "ಏನ್ ಗೌರೀಶಣ್ಣ, ಯಾವ್ ಹುಡ್ಗೀನ ಹಸೆಗೆ ಕರೀತಿದ್ದೀಯ ಈ ಬಸ್ಸಲ್ಲಿ?" ಅಂದ. ಇಡೀ ಬಸ್ಸು ನಕ್ಕಿತು. ಗಂಡಸಿಗೆ ಬೇಕಾ ಇದು!

ದನಿ ಮಾತ್ರ ಇನ್ನೂ ಸಿಕ್ಕಿಲ್ಲ. ಮದುವೆಗೆ ಒಂದು ತಿಂಗಳೂ ಇಲ್ಲ.

ಏಪ್ರಿಲ್ ೨೭, ಭಾನುವಾರ

ಇವತ್ತು ಚಿಕ್ಕಕ್ಕನನ್ನು ಮೈದನಹಳ್ಳಿಗೆ ಕರೆದುಕೊಂಡು ಹೋಗಿದ್ದೆ, ಜಿಂಕೆ ನೋಡೋಕೆ. ಐಡಿಯಾ ರಕ್ಷಾದು. ಪಕ್ಕದ ಮನೆಯ ಆಟೋ, ಚಾಪೆ, ನೀರು, ಮೆತ್ತಗೆ ಕಿವುಚಿದ ಮೊಸರನ್ನ. ಹುಲ್ಲುಗಾವಲು ಪೂರ್ತಿ ಒಣಗಿ ಬಿಳಿಚಿಕೊಂಡಿತ್ತು. ಗಂಡು ಕೃಷ್ಣಮೃಗವೊಂದು ಕೋಡು ಹಿಂದಕ್ಕೆ ಹಾಕಿ ನಿಂತಿತ್ತು, ನಾನು ಕ್ಯಾಮೆರಾ ಎತ್ತುವ ಹೊತ್ತಿಗೆ ಮಾಯ. ಚಿಕ್ಕಕ್ಕ ಕೈಸನ್ನೆಯಲ್ಲೇ ಅಂದಳು, ನೀನು ಯಾವಾಗಲೂ ಅಷ್ಟೇ, ಎತ್ತೋದರಲ್ಲೇ ಹೊತ್ತು ಕಳೀತೀಯ ಅಂತ. ನಿನ್ನ ಫೋಟೋನಾದರೂ ತೆಗೀತೀನಿ ಇರು ಅಂದೆ. ಕಣ್ಣು ಮುಚ್ಚುತ್ತಾಳೆ ಅಂತ ಗೊತ್ತಿತ್ತು. ಎಲ್ಲ ಫೋಟೋದಲ್ಲೂ ಮುಚ್ಚಿದವಳು ಇವತ್ತು ನೆಟ್ಟಗೆ ನೋಡುತ್ತಿದ್ದಾಳೆ.

ಬರುವಾಗ ದಾರಿಯಲ್ಲಿ ತಾಟಿನುಂಗು ಮಾರುತ್ತಿದ್ದರು. ಎಳೆಯದು ನೋಡಿ ಸುಲಿಸಿದೆ, ಅವಳು ನುಂಗೋ ಹಾಗೆ. ಮರದ ಕೆಳಗೆ ಚಾಪೆ ಹಾಸಿ ತಿಂದೆವು. ರಕ್ಷಾ, "ಇನ್ಯಾರೂ ಇಲ್ವಾ ತಾತ ಕ್ಯಾಸೆಟ್ ಇಟ್ಕೊಂಡಿರೋರು?" ಅಂದಳು. ಇಲ್ಲ ಅಂದೆ. ಚಿಕ್ಕಕ್ಕ ಉತ್ತರಕ್ಕೆ ಕೈ ತೋರಿಸಿ ಹಣೆ ಚಚ್ಚಿಕೊಂಡಳು, ವಳ್ಳೂರಿನ ಆ ಕದಿರಯ್ಯನ ಮೇಲೆ ಇನ್ನೂ ಕೋಪವೇನೋ ನಿನಗೆ ಅಂತ. ಹೌದು ಅಂದೆ. ಅವನ ಹೊಸಿಲು ತುಳಿಯಲ್ಲ ಅಂದೆ. ಕತ್ತೆ ಅಂದಳು.

ಆಮೇಲೆ ಅಲ್ಲೇ ಮಲಗಿದಳು. ಗಾಳಿ ತಂಪಾಗಿತ್ತು, ನಾನೂ ಅವಳ ಪಕ್ಕದಲ್ಲೇ ನಿದ್ದೆ ಹೋದೆ. ಎಷ್ಟು ದಿನ ಆಗಿತ್ತೋ ಅಂಥ ನಿದ್ದೆ ಮಾಡಿ.

ಮೇ ೪, ಭಾನುವಾರ

ಹೋಗಿಬಂದೆ. ವಳ್ಳೂರಿಗೆ.

ಇಲ್ಲಿ ಬರೆದೇಬಿಡುತ್ತೇನೆ. ಇಪ್ಪತ್ತೆರಡು ವರ್ಷದ ಹಿಂದೆ ವಳ್ಳೂರಿನಲ್ಲಿ ಕದಿರಯ್ಯನ ಮಗಳ ಮದುವೆ. ಸಾಯಂಕಾಲ ಹೆಣ್ಣು ಮಡಕಶಿರಾಕ್ಕೆ ಹೊರಡುವ ಹೊತ್ತಿಗೆ ಆ ಮನುಷ್ಯ ಬಂದು ತನ್ನ ತೆಲುಗು ಬೆರೆತ ಕನ್ನಡದಲ್ಲಿ, "ಟೇಪು ಈಗ್ಲೇ ಕೊಡಯ್ಯಾ, ಮಿಕ್ಸಿಂಗೂ ವದ್ದು, ಏನೂ ಬೇಡ" ಅಂತ ಬೀಗರ ಮುಂದೆಯೇ ಕ್ಯಾಸೆಟ್ಟು ಕಿತ್ತುಕೊಂಡಿದ್ದ. ಬೇಯಿಸದ ಅಕ್ಕಿ ಬಡಿಸಿದ ಹಾಗೆ ನನ್ನ ಕೆಲಸ ಊರಿಗೆಲ್ಲ ಹೋಯಿತಲ್ಲ ಅಂತ ಮೈ ಉರಿದಿತ್ತು. ಅಂದಿನಿಂದ ಆತ ನನ್ನ ಬಸ್ಸು ಹತ್ತಿದರೂ ಮುಖ ನೋಡದೆ ಟಿಕೆಟ್ ಕೊಟ್ಟಿದ್ದೇನೆ.

ಪಾವಗಡದಿಂದ ತಿರುಮಣಿ ರಸ್ತೆ ಹಿಡಿದು ಹೋದರೆ ಎರಡೂ ಕಡೆ ಸೋಲಾರ್ ಫಲಕ. ಮದುವೆ ಚಪ್ಪರ ಹಾಕಿದ್ದ ಹುಣಸೆ ಮರದ ಹೊಲವೂ ಅದರೊಳಗೆ ಸೇರಿಹೋಗಿದೆ. ಎಲ್ಲಿತ್ತು ಅಂತ ಗುರುತೇ ಸಿಗಲಿಲ್ಲ. ಕದಿರಯ್ಯ ಜಗಲಿ ಮೇಲೆ ಕೂತಿದ್ದ, ಹಲ್ಲೆಲ್ಲ ಹೋಗಿದೆ.

"ಏಮಯ್ಯಾ ಕಂಡಕ್ಟರು, ದಾರಿ ತಪ್ಪಿ ಬಂದ್ಯಾ? ಅಕ್ಕ ಎಂಗೌಳೆ?"

ಹೇಳಿದೆ. ಆಪರೇಷನ್ನು, ದನಿ, ರಕ್ಷಾ ಮದುವೆ, ಮೂವತ್ತಾರು ಕ್ಯಾಸೆಟ್ಟು, ಎಲ್ಲ. ಆತ ಒಳಗೆ ಹೋಗಿ ಹಳೇ ಸೀರೆಯಲ್ಲಿ ಸುತ್ತಿದ ಗಂಟು ತಂದ.

"ನೀನು ಆವತ್ತು ಕೋಪ ಮಾಡ್ಕೊಂಡೆ. ನಂಗೆ ಸಿನಿಮಾ ಪಾಟ ಯಾಕಯ್ಯಾ? ಇದು ಹಾಕಿದ್ರೆ ಮದುವೆ ಇದ್ದಂಗೇ ಇರ್ತಿತ್ತು. ಜನ ಬೈಯೋದು, ನಾಯಿ ಬೊಗಳೋದು, ನನ್ ಮಗಳು ಅಳೋದು. ವಿಸಿಆರ್ ಕೆಡೋವರ್ಗೂ ನೋಡಿದ್ವಿ. ಮೀ ಅಕ್ಕನ ಗೊಂತು, ಆ ದನೀನೂ ಐತೆ ಅದ್ರಲ್ಲಿ. ತಗೊಂಡೋಗು."

ಕೈ ಮುಗಿದೆ. ಗಂಟನ್ನು ಅಂಗಿಯೊಳಗೆ ಸೇರಿಸಿಕೊಂಡು ಬೈಕ್ ಹತ್ತಿದೆ.

ಮೇ ೫, ಸೋಮವಾರ

ಬೂಸ್ಟು ಒರೆಸಿ ಹಾಕಿದೆ. ಮಂಜುಳಾ ಚಿಕ್ಕಕ್ಕನನ್ನು ಹಿತ್ತಲಲ್ಲಿ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು, ಒಳಗೆ ನಾನೊಬ್ಬನೇ.

ಬಂತು. ಚಿಕ್ಕಕ್ಕನ ದನಿ. 'ಹೆಜ್ಜೆ ಮೆಲ್ಲಗೆ ಇಡೆ, ಹಸೆಗೆ ಬರೋ ಮಗಳೆ'. ಒಂದೇ ಸಾಲು. ಹೆಂಗಸರು ಸೊಲ್ಲು ಎತ್ತೋಕೆ ಬಾಯಿ ತೆರೆದಿದ್ದರು. ಅಷ್ಟರಲ್ಲಿ ಕಿವಿ ಹರಿಯುವ ಹಾಗೆ ಇನ್ನೊಂದು ದನಿ: "ಚಿಕ್ಕಕ್ಕಾ! ಸಾಕು ನಿಲ್ಸೇ! ಹಾಡು ಆಮೇಲೆ ಮಿಕ್ಸಿಂಗಲ್ಲಿ ಹಾಕ್ತೀನಿ. ಎಲ್ಲಾ ಈ ಕಡೆ ನೋಡ್ರಿ!"

ನನ್ನ ದನಿ. ಅವಳು ಬಾಯಿ ಮುಚ್ಚಿದಳು.

ವಿಸಿಆರ್ ಆಫ್ ಮಾಡಿಬಿಟ್ಟೆ.

ಮೇ ೬, ಮಂಗಳವಾರ

ಡ್ಯೂಟಿ.

ಮೇ ೯, ಶುಕ್ರವಾರ

ಒಂದು ಸಾಲಾದರೂ ಸಿಕ್ಕಿತಲ್ಲ. ಚಟ ಅಂತ ಇಷ್ಟು ವರ್ಷ ಮಾಡಿದ್ದು ಈಗ ಕೆಲಸಕ್ಕೆ ಬರಲಿ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ರಕ್ಷಾ ಹೇಳಿಕೊಟ್ಟ ಹಾಗೆ ಆ ಸಾಲನ್ನು ಮಾತ್ರ ಕತ್ತರಿಸಿದೆ. ನನ್ನ ಕೂಗನ್ನು ಕಿತ್ತು ಹಾಕಿದೆ. ಅದೇ ಸಾಲನ್ನು ಎಂಟು ಸಲ ಜೋಡಿಸಿ, ಕೆಳಗೆ ಸಣ್ಣಗೆ ತಂಬೂರಿ ಸೇರಿಸಿದೆ. ಎಲ್ಲಿ ಕತ್ತರಿಸಿದ್ದು ಅಂತ ಯಾರಿಗೂ ತಿಳಿಯಲ್ಲ. ಇಷ್ಟು ನುಣುಪಾಗಿ ಯಾವತ್ತೂ ಮಾಡಿರಲಿಲ್ಲ. ಭಾನುವಾರ ಚಿಕ್ಕಕ್ಕನಿಗೆ ಕೇಳಿಸಬೇಕು. ಆ ಇನ್ನೊಂದು ವಿಷಯ ಅವಳಿಗೆ ಗೊತ್ತಾಗೋದು ಬೇಡ.

ಮೇ ೧೧, ಭಾನುವಾರ

ರಕ್ಷಾನೂ ಬಂದಿದ್ದಳು. ಮಿಕ್ಸಿಂಗ್ ಹಾಕಿದೆ. ರಕ್ಷಾ ಬಾಯಿಗೆ ದುಪಟ್ಟ ಒತ್ತಿಕೊಂಡು ಅಳುತ್ತಿದ್ದಳು. ಚಿಕ್ಕಕ್ಕ ಮೂರು ಸಲ ಕೇಳಿಸಿಕೊಂಡಳು, ನಾಲ್ಕನೆಯದಕ್ಕೆ ಮಂಚ ಬಡಿದಳು. ಇದೆಂಥ ಹಾಡೋ, ಹೆಣ್ಣು ಒಂದೇ ಹೆಜ್ಜೆ ಇಟ್ಟು ನಿಂತುಬಿಟ್ಟಳಲ್ಲ ಅಂದಳು. ಮುಂದಕ್ಕೆ ಏನಿದೆ ಹಾಕು ಅಂದಳು. ಏನೂ ಇಲ್ಲ ಅಂದೆ. ಅವಳ ಹತ್ತಿರ ನನ್ನ ಸುಳ್ಳು ಯಾವತ್ತು ನಡೆದಿದೆ? ವಿಸಿಆರ್ ಕಡೆ ಬೆರಳು ತೋರಿಸಿದಳು, ಹಾಕು ಅಂತ.

ಹಾಕಿದೆ. ತಲೆ ತಗ್ಗಿಸಿ ಕೂತೆ. ಅವಳ ಸಾಲು ಬಂತು, ನನ್ನ ಕೂಗೂ ಬಂತು. ನಿಲ್ಲಿಸೋಕೆ ಕೈ ಹಾಕಿದರೆ ಫಟ್ ಅಂತ ಕೈ ಮೇಲೆ ಹೊಡೆದಳು. ತಲೆಯೆತ್ತಿ ನೋಡಿದೆ, ಭುಜ ಕುಣಿಸಿಕೊಂಡು ನಗುತ್ತಿದ್ದಾಳೆ! ಕಣ್ಣಲ್ಲಿ ನೀರು ಬರೋ ಹಾಗೆ ನಗುತ್ತಿದ್ದಾಳೆ. ಎಷ್ಟು ಗತ್ತು ನೋಡು ನನ್ನ ತಮ್ಮನದು ಅಂತ ರಕ್ಷಾ ತೊಡೆಗೆ ತಿವಿಯುತ್ತಿದ್ದಾಳೆ.

ಟೇಪು ಓಡುತ್ತಲೇ ಇತ್ತು. ಜನರ ಗದ್ದಲ, ನಾಯಿ, ಯಾರೋ ನೀರು ನೀರು ಅಂದದ್ದು. ಆಮೇಲೆ ಚಿಕ್ಕಕ್ಕ ಗುಂಪಿನಿಂದ ಈಚೆ ಬಂದಳು. ಸೀದಾ ಕ್ಯಾಮೆರಾ ಹತ್ತಿರ. ಮುಖ ಇಡೀ ಟೀವಿ ತುಂಬಿತು. ಹಾಡಿ ಹಾಡಿ ಒಡೆದ ಗಂಟಲಲ್ಲಿ ಅಂದಳು:

"ಆಯ್ತು ಬುಡ್ಲಾ, ನಿಲ್ಸಿದೆ. ನೀನ್ ಉಂಡ್ಯೇನ್ಲಾ? ಬೆಳಗ್ಗಿಂದ ಏನೂ ಬಾಯ್ಗಾಕಿಲ್ಲ ನೀನು."

ಐದು ಬೆರಳು ಕೂಡಿಸಿ ಬಾಯಿ ಹತ್ತಿರ ತಂದಿದ್ದಳು. ಹುಬ್ಬು ಹಾರಿಸಿದ್ದಳು.

ಟೇಪಿನಲ್ಲಿ ನಾನು ಉತ್ತರ ಕೊಟ್ಟಿಲ್ಲ. ಚಿತ್ರ ಗಂಡಿನ ಕಡೆಯವರತ್ತ ತಿರುಗಿಬಿಡುತ್ತದೆ.

ಜನವರಿಯಿಂದ ದಿನಾ, ನಾನು ಹೊಸಿಲು ದಾಟಿದ ತಕ್ಷಣ ಅವಳು ಕೇಳುತ್ತಿದ್ದದ್ದು ಇದು. ದಿನಾ ನಾನು ಅಂಬಲಿ ತರಿಸಿ ಅವಳ ಮುಂದೆ ಇಡಿಸಿದ್ದೇನೆ. ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಹಾಕ. ಅವಳ ಮಂಚದ ಕೆಳಗೆ ಕೂತು ಚಿಕ್ಕ ಹುಡುಗನ ಹಾಗೆ ಅತ್ತೆ. ಯಾಕೆ ಅಳುತ್ತಿದ್ದೇನೆ ಅಂತ ಅವಳಿಗೆ ಅರ್ಥವೇ ಆಗಲಿಲ್ಲ. ಹಸಿದಿದ್ದಾನೆ ಅಂದುಕೊಂಡು ಮಂಜುಳಾಗೆ ತಟ್ಟೆ ಹಾಕೋಕೆ ಹೇಳಿದಳು.

ಮೇ ೧೯, ಸೋಮವಾರ

ಮದುವೆ ಆಯಿತು. ಗಂಟಲು ಕಟ್ಟಿದೆ, ಮಂಜುಳಾ ಬಿಸಿನೀರಿಗೆ ಉಪ್ಪು ಹಾಕಿ ಕೊಟ್ಟಿದ್ದಾಳೆ.

ಶಿರಾದ ಕಲ್ಯಾಣಮಂಟಪ. ಗೋಡೆಯಷ್ಟು ದೊಡ್ಡ ಪರದೆ, ಎರಡಾಳೆತ್ತರದ ಸ್ಪೀಕರು, ಎದೆ ಅದುರುವ ಹಾಡು. ಹಸೆಗೆ ಕರೆಯೋ ಹೊತ್ತಿಗೆ ನಾನು ಪೆನ್‌ಡ್ರೈವ್ ಹಿಡಿದು ಡಿಜೆಯವನ ಹತ್ತಿರ ಹೋದೆ. ಎಂಟು ಸಲದ ಮಿಕ್ಸಿಂಗು ಅದರಲ್ಲಿತ್ತು. ಎಷ್ಟಾದರೂ ರಕ್ಷಾಗೆ ಮಾತು ಕೊಟ್ಟಿದ್ದೆನಲ್ಲ. ಅವನ ಮಿಕ್ಸರು ಮೇಜಿನಷ್ಟು ಅಗಲ, ಆದರೆ ಏರಿಸೋದು ಇಳಿಸೋದು ಅದೇ.

"ಪೂರ್ತಿ ಇಳ್ಸಪ್ಪ" ಅಂದೆ.

"ಯಾವ್ದು ಸಾರ್?"

"ಎಲ್ಲಾ."

ಇಳಿಸಿದ. ಮಂಟಪ ಗವ್ ಅಂತ ಸುಮ್ಮನಾಯಿತು. ಎಲೆ ಹಾಕುವ ಶಬ್ದ, ಮಗು ಅಳುವ ಶಬ್ದ ಎಲ್ಲ ಕೇಳೋಕೆ ಶುರುವಾಯಿತು. "ಹಾಕ್ಲಾ ಸಾರ್?" ಅಂತ ಅವನು ಕೈ ಚಾಚಿದ.

ನಾನು ಹೆಂಗಸರ ಕಡೆ ನೋಡಿದೆ. ಮುಂದೆ ಚಿಕ್ಕಕ್ಕ ನಿಂತಿದ್ದಾಳೆ, ಹಿಂದೆ ದಾಸಮ್ಮ, ಗೌಡಗೆರೆ ಹೆಂಗಸರು. ರಕ್ಷಾ ಬಾಗಿಲಲ್ಲಿ. ಚಿಕ್ಕಕ್ಕ ಬಲಗೈಯನ್ನು ಕಿವಿ ಹತ್ತಿರ ತಂದು ಬಾಯಿ ತೆರೆದಳು. ತುಟಿ ಆಡಿತು. ಸಾಲು ಕೇಳದೆ ದಾಸಮ್ಮ ಹೇಗೆ ಎತ್ತಬೇಕು? ಅವಳು ಸುತ್ತ ನೋಡಿದಳು.

ನನಗೆ ಏನಾಯಿತೋ. ಅಲ್ಲಿಂದಲೇ ಹೇಳಿಬಿಟ್ಟೆ, ಬಸ್ ಸ್ಟ್ಯಾಂಡಲ್ಲಿ ಪಾವಗಡ ಪಾವಗಡ ಅಂತ ಕೂಗೋ ಅದೇ ಗಂಟಲಲ್ಲಿ, 'ಹೆಜ್ಜೆ ಮೆಲ್ಲಗೆ ಇಡೆ ಹಸೆಗೆ ಬರೋ ಮಗಳೆ'. ಗಂಡಿನ ಕಡೆಯವರು ಕಿಸಕ್ ಅಂದರು. ಅನ್ನಲಿ. ದಾಸಮ್ಮ ಎತ್ತಿಕೊಂಡಳು, ಹಿಂದೆಯೇ ಇಪ್ಪತ್ತು ಹೆಂಗಸರು. ನಾನು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಚಿಕ್ಕಕ್ಕನ ಎದುರು ನಿಂತೆ. ಅವಳು ಹೇಳಿದ್ದು ನಾನು ಹೇಳಿದೆ, ನಾನು ಹೇಳಿದ್ದು ಅವರು ಹಾಡಿದರು. ಕೊನೆಯಲ್ಲಿ ಒಂದು ನುಡಿ ನನಗೆ ಯಾವತ್ತೂ ಕಲಿಸಿಯೇ ಇರಲಿಲ್ಲ. ಅವಳ ತುಟಿ ನೋಡುತ್ತಲೇ ಅದೂ ಬಂತು, ಒಂದಕ್ಷರ ತಪ್ಪದೆ. ರಕ್ಷಾ ಮೆಲ್ಲಗೆ ನಡೆದು ಬಂದಳು. ಎಷ್ಟು ಮೆಲ್ಲಗೆ ಅಂದರೆ ಪುರೋಹಿತರು ಎರಡು ಸಲ ವಾಚು ನೋಡಿಕೊಂಡರು.

ಪೆನ್‌ಡ್ರೈವ್ ನನ್ನ ಜೇಬಲ್ಲೇ ಉಳಿಯಿತು. ಆಮೇಲೆ ಕೊಡೋಕೆ ಹೋದರೆ ರಕ್ಷಾ, "ಇದ್ ಬೇಡ ತಾತ, ಅಜ್ಜಿ ಉಂಡ್ಯೇನ್ಲಾ ಅಂತ ಕೇಳ್ತಲ್ಲ, ಅದನ್ನ ಕಳ್ಸಿ" ಅಂದಳು. ಕಳಿಸಿದೆ.

ನೆಂಟರನ್ನೆಲ್ಲ ಉಣ್ಣಿಸಿ ಕಳಿಸುವ ಹೊತ್ತಿಗೆ ಮೂರೂವರೆ. ಮಂಟಪದ ಆ ತುದಿಯಲ್ಲಿ ಕೂತಿದ್ದ ಚಿಕ್ಕಕ್ಕ ಉಂಡ್ಯೇನ್ಲಾ ಅಂದಳು. ಇಲ್ಲ ಕಣಕ್ಕ ಅಂತ ಅಲ್ಲಿಂದಲೇ ಕೂಗಿದೆ. ಕಿವಿ ಹಿಡಿದು ಎಳಕೊಂಡು ಹೋಗಿ ಕೊನೇ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರಿಸಿಕೊಂಡಳು. ಅವಳ ಎಲೆಯ ಒಬ್ಬಟ್ಟೂ ನನ್ನ ಎಲೆಗೇ ಬಂತು.

ಈಗ ಬರೆಯುವಾಗ ಕ್ಯಾಮೆರಾ ಬ್ಯಾಗಿನ ಮೇಲೆ ಕಣ್ಣು ಬಿತ್ತು. ಜಿಪ್ಪು ಹಾಕಿದ್ದು ಹಾಕಿದ ಹಾಗೇ ಇದೆ. ಮೂವತ್ತೇಳು ಮದುವೆ ತೆಗೆದವನ ಹತ್ತಿರ ಮನೆಯ ಮದುವೆಯದ್ದು ಒಂದೇ ಒಂದು ಫೋಟೋ ಇಲ್ಲ. ಹೋಗಿ ಹೇಳಿದೆ, ಚಿಕ್ಕಕ್ಕ ಬೈದಳು. ಏನು ಬೈದಳು ಅಂತ ಬರೆದರೆ ಆಮೇಲೆ ಈ ನೋಟ್‌ಬುಕ್ಕನ್ನು ಮನೆಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ.